ಹನ್ನೊಂದು ದಿನ ಇದ್ದ ದಾಖಲೆ

ಪತ್ರಿಕೆಯ ಡೆಸ್ಕಿನಲ್ಲಿ ನಾನು ಮೊದಲು ಕಲಿತದ್ದು ಬರೆಯುವುದನ್ನಲ್ಲ, ಹರಿಯುವುದನ್ನು. ಸುದ್ದಿಯೊಂದು ಪುಟಕ್ಕೆ ಹೋಯಿತೆಂದು ಖಚಿತವಾದ ಕೂಡಲೇ ಅದರ ಪ್ರತಿಯ ಮೇಲೆ ಕೆಂಪು ಪೆನ್ಸಿಲಿನಿಂದ ಓರೆಗೆರೆ ಎಳೆದು, ನಾಲ್ಕು ತುಂಡು ಮಾಡಿ, ಬುಟ್ಟಿಗೆ ಹಾಕಬೇಕು. ಇಲ್ಲದಿದ್ದರೆ ಅದೇ ಹಾಳೆ ಇನ್ನೊಬ್ಬರ ಕೈಗೆ ಸಿಕ್ಕಿ ಸುದ್ದಿ ಒಳಪುಟದಲ್ಲಿ ಮತ್ತೊಮ್ಮೆ ಅಚ್ಚಾಗುತ್ತದೆ. ನಾನು ಸೇರಿದ ಮೊದಲ ತಿಂಗಳಲ್ಲೇ ಒಂದು ಶ್ರದ್ಧಾಂಜಲಿ ಹಾಗೆ ಎರಡು ಸಲ ಬಂದಿತ್ತು. ಅಂದಿನಿಂದ ಇಪ್ಪತ್ತೆರಡು ವರ್ಷ ನಾನು ಒಂದು ಹಾಳೆಯನ್ನೂ ಹರಿಯದೆ ಬಿಡಲಿಲ್ಲ.

ಆ ಪತ್ರಿಕೆ ಮೊದಲು ಪುಟ ಕಡಿಮೆ ಮಾಡಿ, ಆಮೇಲೆ ಡೆಸ್ಕನ್ನೇ ಕಡಿಮೆ ಮಾಡಿದಾಗ ನನಗೆ ಐವತ್ತೊಂದು ವರ್ಷ. ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಕೆಳಗೆ ಬಾಟಲಿ ಮುಚ್ಚಳ ತಯಾರಿಸುವ ಘಟಕವಿದ್ದ ಕಟ್ಟಡದ ಮೂರನೇ ಮಹಡಿಯಲ್ಲಿ, ಒಂದು ಸಣ್ಣ ಕಂಪನಿ ಬ್ಲಾಕ್‌ಚೈನ್ ತಂತ್ರಾಂಶ ಮಾಡುತ್ತಿತ್ತು. ಅವರ ತಂತ್ರಾಂಶವನ್ನು ಬಳಸುವವರಿಗೆ ಇಂಗ್ಲಿಷಿನಲ್ಲಿ ಕೈಪಿಡಿ ಬರೆದುಕೊಡುವ ಕೆಲಸ ನನ್ನದಾಯಿತು. ವಿಷಯ ಗೊತ್ತಿಲ್ಲದಿದ್ದರೂ ಕೇಳಿ ತಿಳಿದು ತಪ್ಪಿಲ್ಲದೆ ಬರೆಯುವುದು ನನ್ನ ಹಳೆಯ ಕಸುಬೇ ಆಗಿತ್ತು.

ನಾನು ಕೇಳುತ್ತಿದ್ದದ್ದು ಅಲ್ಲಿನ ಒಬ್ಬ ಎಂಜಿನಿಯರ್ ಹುಡುಗಿಯನ್ನು. ತಂದೆತಾಯಿ ಬೆಳಗಾವಿಯವರು, ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ನನ್ನೊಂದಿಗೆ ಹಟ ಹಿಡಿದು ಕನ್ನಡದಲ್ಲೇ ಮಾತಾಡುತ್ತಿದ್ದಳು, ಸಿಕ್ಕಿಕೊಂಡಾಗ ಹಿಂದಿಗೆ ಹೊರಳುತ್ತಿದ್ದಳು. ಬ್ಲಾಕ್‌ಚೈನ್ ಎಂದರೆ ಒಂದೇ ದಾಖಲೆ ಪುಸ್ತಕದ ಪ್ರತಿಯನ್ನು ಹಲವು ಕಂಪ್ಯೂಟರುಗಳು ಇಟ್ಟುಕೊಂಡಿರುವ ವ್ಯವಸ್ಥೆ, ಅಂಥ ಪ್ರತಿಯೊಂದು ಕಂಪ್ಯೂಟರೂ ಒಂದು ನೋಡ್, ಯಾರಾದರೂ ತಮ್ಮ ಪ್ರತಿಯನ್ನು ತಿದ್ದಿದರೆ ಉಳಿದವರ ಪ್ರತಿ ಅದನ್ನು ಒಪ್ಪುವುದಿಲ್ಲ, ಹಾಗಾಗಿ ಒಮ್ಮೆ ಬರೆದದ್ದು ಅಳಿಯುವುದಿಲ್ಲ. ಇಷ್ಟು ನನಗೆ ಮೊದಲ ವಾರದಲ್ಲೇ ತಿಳಿದಿತ್ತು. ಎರಡನೇ ವಾರ ಅವಳು ತಾವೇ ದಿನವೂ ಕೆಲಸ ಮಾಡುವ ಡೆವಲಪ್‌ಮೆಂಟ್ ನೆಟ್‌ವರ್ಕನ್ನು ತೋರಿಸಿದಳು.

"ಸರ್, ಇಲ್ಲಿ ಒಂದೇ ನೋಡ್. ಅದೇ ಬರಿಯೋದು, ಅದೇ ಹೌದು ಅನ್ನೋದು. ಡೇಟಾಬೇಸ್ ಫಕ್ತ್ ಮೆಮರಿ ಒಳಗೆ ಇರುತ್ತೆ. ಡಿಸ್ಕ್ ಮುಟ್ಟೋದೇ ಇಲ್ಲ. ನೋಡ್ ಬಂದ್ ಮಾಡಿದ್ರೆ ಸಬ್ ಸಾಫ್."

"ಹಾಗಾದರೆ ಅದರಿಂದ ಏನು ಉಪಯೋಗ?"

"ಅದೇ ಉಪಯೋಗ ಸರ್! ಫಾಸ್ಟ್ ಇರುತ್ತೆ, ಕಚರಾ ತೆಗೆಯೋ ಕೆಲಸ ಇಲ್ಲ. ರೋಜ್ ಹೊಸ ಚೈನ್. ನಿನ್ನೆ ಮಾಡಿದ ಗಲತಿ ಇವತ್ತು ಇರೋದೇ ಇಲ್ಲ. ಲೈಫ್‌ನಲ್ಲಿ ಎಲ್ಲಿ ಸಿಗುತ್ತೆ ಇಂಥದ್ದು?"

ಅವಳ ಟಿಪ್ಪಣಿಯಲ್ಲಿ, ನಿಲ್ಲಿಸಿದರೆ ಎಲ್ಲವೂ ಹೋಗುತ್ತದೆ ಎಂಬ ಎಚ್ಚರಿಕೆ ಮೂರು ಕಡೆ ಇತ್ತು. ಒಂದೇ ಮಾತು ಮೂರು ಸಲ ಬರಬಾರದೆಂದು ನಾನು ಎರಡನ್ನು ಹೊಡೆದುಹಾಕಿದೆ. ಉಳಿದದ್ದು ಕೊನೆಯ ಪುಟದಲ್ಲಿತ್ತು. ಕೈಪಿಡಿಯ ಮೊದಲ ಹೆಜ್ಜೆಯಾಗಿ ನಾನೇ ಒಂದು ಚಿಕ್ಕ ವಾಕ್ಯ ಬರೆದೆ: ನಡೆಯುತ್ತಿರುವ ನೋಡ್ ಇದ್ದರೆ ನಿಲ್ಲಿಸಿ, ಹೊಸದಾಗಿ ಶುರುಮಾಡಿ.

ಅದೇ ಹೊತ್ತಿಗೆ ಶಾಲೆಯ ವಿಷಯ ಬಂತು. ಸಯನ್ನಿನ ಆಸುಪಾಸಿನಲ್ಲಿ ಕನ್ನಡ ಮಾಧ್ಯಮದ ಒಂದು ಪ್ರಾಥಮಿಕ ಶಾಲೆಯಿತ್ತು. ಮಕ್ಕಳು ಸಿಗದೆ ಮುಚ್ಚಿ ಹಲವು ವರ್ಷಗಳಾಗಿದ್ದವು. ಅದರ ಜನರಲ್ ರಿಜಿಸ್ಟರ್, ಅಂದರೆ ಮಕ್ಕಳ ಹೆಸರು, ಹುಟ್ಟಿದ ದಿನ, ಸೇರಿದ ಮತ್ತು ಬಿಟ್ಟ ತಾರೀಖು ಬರೆದಿಡುವ ದೊಡ್ಡ ಪುಸ್ತಕ, ನೆಲಮಾಳಿಗೆಯ ಟ್ರಂಕಿನಲ್ಲಿದ್ದು, ಮಳೆನೀರು ನುಗ್ಗಿ ಅರ್ಧ ಪುಟಗಳು ಮುದ್ದೆಯಾಗಿದ್ದವು. ಶಾಲೆ ನಡೆಸುತ್ತಿದ್ದ ಮಂಡಳಿಯಲ್ಲಿ ಕಾರ್ಯದರ್ಶಿಯೊಬ್ಬರು ಇನ್ನೂ ಇದ್ದರು. ಹಳೆಯ ವಿದ್ಯಾರ್ಥಿಗಳು ಶಾಲೆ ಬಿಟ್ಟ ದಾಖಲೆ ಕೇಳಿಕೊಂಡು ಬಂದರೆ ಅವರಿಗೆ ತೋರಿಸಲು ಏನೂ ಇರಲಿಲ್ಲ. ನಿವೃತ್ತ ಮುಖ್ಯೋಪಾಧ್ಯಾಯಿನಿ ನೆನಪಿನಿಂದ ಹೇಳಿ, ಅದನ್ನು ದಾಖಲಿಸಿ, ಕೆಳಗೆ ಸಹಿ ಮಾಡಿದರೆ ತಾವು ಪ್ರಮಾಣಪತ್ರ ಕೊಡುವುದಾಗಿ ಕಾರ್ಯದರ್ಶಿ ಹೇಳಿದರು. ಬರೆದುಕೊಳ್ಳುವವರು ಬೇಕೆಂದು ಪತ್ರಿಕೆಯ ಕಾಲದ ಪರಿಚಯದಿಂದ ನನ್ನನ್ನು ಕೇಳಿದರು, ಒಪ್ಪಿಕೊಂಡೆ.

ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಧಾರವಾಡದವರು, ಎಂಬತ್ತು ದಾಟಿತ್ತು, ಸಯನ್ ಸ್ಟೇಷನ್ನಿನಿಂದ ಏಳು ನಿಮಿಷದ ದಾರಿಯಲ್ಲಿ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿದ್ದರು. ರಿಜಿಸ್ಟರಿನಲ್ಲಿ ಒಂದು ಅಕ್ಷರದ ಮೇಲೆ ಇನ್ನೊಂದು ಬರೆದರೆ ಗುಮಾಸ್ತರನ್ನು ಎದುರು ನಿಲ್ಲಿಸಿ ಕೇಳುತ್ತಿದ್ದವರು. ಬರೆದದ್ದು ಅಳಿಸಲಾಗದ ಪುಸ್ತಕವೊಂದಿದೆ ಎಂದು ನಾನು ಹೇಳಿದಾಗ ಅವರ ಮುಖ ಅರಳಿತು.

"ಅಂದ್ರ ಯಾರ ಬಂದು ತಾರೀಖ ತಿದ್ದ್ರಿ ಅಂದ್ರೂ ಆಗಂಗಿಲ್ಲ?"

"ಆಗುವುದಿಲ್ಲ ಅಕ್ಕೋರೇ."

"ಇದು ನನ್ನ ಸರ್ವೀಸಿನ್ಯಾಗ ಇರಬೇಕಾಗಿತ್ತು ನೋಡ್ರಿ. ಎಷ್ಟ ಮಂದಿ ಜಗಳಾ ತಪ್ತಿತ್ತು."

ನನಗೆ ಅವಸರವಾಗಿದ್ದುದು ಒಬ್ಬ ಹೆಂಗಸಿನ ಕಾರಣಕ್ಕೆ. ವಿಜಯಪುರ ಕಡೆಯ ಕುಟುಂಬ, ಮುಲುಂಡಿನ ವಾಸ, ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ. ಆಧಾರ್ ಮಾಡಿಸಿದಾಗ ಗಂಡ ಅಂದಾಜಿನಿಂದ ಹೇಳಿದ ವರ್ಷ, ಜನವರಿ ಒಂದು ಎಂದು ದಾಖಲಾಗಿತ್ತು. ಆ ಲೆಕ್ಕದಲ್ಲಿ ಬರುವ ಜನವರಿಗೆ ಅವರಿಗೆ ಅರವತ್ತು, ಕೆಲಸ ಮುಗಿಯಿತು. ನಿಜವಾಗಿ ಐವತ್ತೈದು ಎಂದು ಅವರು ಹೇಳುತ್ತಿದ್ದರು. ಶಾಲೆಯ ಕಾಗದ ತಂದರೆ ಒಪ್ಪುತ್ತೇವೆ ಎಂದು ನರ್ಸಿಂಗ್ ಹೋಮಿನವರು ಹೇಳಿದ್ದರು. ಆ ಶಾಲೆಯಲ್ಲಿ ಅವರೂ ಅವರ ಅಕ್ಕನೂ ನಾಲ್ಕನೇ ಇಯತ್ತೆವರೆಗೆ ಓದಿದ್ದರು. ಅಕ್ಕ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಇಬ್ಬರ ಪುಟಗಳೂ ಮುದ್ದೆಯಾದ ಭಾಗದಲ್ಲಿದ್ದವು.

ಎಂಜಿನಿಯರ್ ಹುಡುಗಿಯನ್ನು ಕೇಳಿ, ಅವಳ ಮೇಜಿನ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದ ನೋಡ್‌ನಲ್ಲಿ ಒಂದು ವಾರ ಅಭ್ಯಾಸ ಮಾಡಿದೆ. ಸುಳ್ಳು ಹೆಸರು, ಸುಳ್ಳು ತಾರೀಖು. ದಿನವೂ ತಪ್ಪುತ್ತಿದ್ದೆ, ಮರುದಿನ ಅವಳು ಹೊಸ ಚೈನ್ ಕೊಡುತ್ತಿದ್ದಳು. ಶುಕ್ರವಾರ ಅವಳೇ ಕೇಳಿದಳು, "ಸರ್, ಈಗ ಡಿಸ್ಕ್ ಮೇಲೆ ಹಾಕ್ಲಾ? ಎರಡು ಮಿನಿಟ್‌ನ ಕೆಲಸ."

"ಬೇಡ, ಇನ್ನೂ ತಪ್ಪು ಮಾಡುತ್ತಿದ್ದೇನೆ. ಹೀಗೇ ಇರಲಿ," ಎಂದೆ. ಅಂದಿನ ಮಟ್ಟಿಗೆ ಅದು ಸರಿಯಾದ ಉತ್ತರವೇ ಆಗಿತ್ತು.

ಮರುದಿನ ಶನಿವಾರ ಮಧ್ಯಾಹ್ನ ಅಕ್ಕೋರ ಮನೆಗೆ ಹೋದದ್ದು ಬರೀ ಮಾತಾಡಿಸಿ ಬರಲು. ಆದರೆ ಅವರು ಕನ್ನಡಕ ಹಾಕಿಕೊಂಡು, ಹಚ್ಚಿದ ಅವಲಕ್ಕಿಯ ತಟ್ಟೆ ನನ್ನ ಮುಂದಿಟ್ಟು, "ಹೂಂ, ಬರ್ಕೋರಿ," ಎಂದು ಶುರುಮಾಡಿಯೇ ಬಿಟ್ಟರು. ಎರಡೂವರೆ ಗಂಟೆಯಲ್ಲಿ ಹದಿನಾಲ್ಕು ಮಕ್ಕಳು. ಯಾರು ಎಲ್ಲಿ ಕೂಡುತ್ತಿದ್ದರು, ಯಾರ ತಂದೆ ಏನು ಕೆಲಸದಲ್ಲಿದ್ದ, ಯಾರು ಪಾಟಿ ಒಡೆದುಕೊಂಡು ಅತ್ತರು. ಮೊದಲೇ ಹೇಳಿ ಕಳಿಸಿದ್ದರಿಂದ ಮುಲುಂಡಿನ ಹೆಂಗಸಿನ ವಿಷಯವೂ ಬಂತು.

ಆ ಕಾಲದಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಯವರೇ ಒಂದು ತಾರೀಖು ಕೊಡುತ್ತಿದ್ದರು. ಹೆಚ್ಚಿನವರು ಎಲ್ಲರಿಗೂ ಜೂನ್ ಒಂದು ಬರೆದು ಮುಗಿಸುತ್ತಿದ್ದರು. ಅಕ್ಕೋರು ಹಾಗೆ ಮಾಡಲಿಲ್ಲ. ತಾಯಂದಿರನ್ನು ಕೂರಿಸಿಕೊಂಡು, ಯಾವ ಹಬ್ಬದ ಮುಂದೆ, ಯಾವ ಹಬ್ಬದ ಹಿಂದೆ ಎಂದು ಕೇಳಿ, ಹಳೆಯ ಪಂಚಾಂಗ ತೆಗೆದು ತಾರೀಖು ಹುಡುಕುತ್ತಿದ್ದರು. ಈ ಹುಡುಗಿಯ ತಾಯಿ ನಾಗರ ಪಂಚಮಿ ಆಗಿ ಐದನೇ ದಿನ ಎಂದಿದ್ದಳಂತೆ. ಅಕ್ಕೋರು ವರ್ಷವನ್ನೂ ಹೇಳಿದರು, ಅದು ತಂಗಿಯದೇ ಹೊರತು ಅಕ್ಕನದಲ್ಲ ಎನ್ನುವುದಕ್ಕೆ ಒಂದು ಕಾರಣವನ್ನೂ ಹೇಳಿದರು. ನಾನು ಎಲ್ಲವನ್ನೂ ಬರೆದುಕೊಂಡೆ. ಹಾಳೆಯ ಕೆಳಗೆ ಅವರು ಸಹಿ ಹಾಕಬೇಕಾಗಿತ್ತು. ಎಲ್ಲ ಮುಗಿದ ಮೇಲೆ ಒಟ್ಟಿಗೆ ಹಾಕಿಸಿಕೊಂಡರಾಯಿತು ಎಂದುಕೊಂಡೆ.

ಸೋಮವಾರ ಆಫೀಸಿನಲ್ಲಿ ಕುಳಿತು ಹದಿನಾಲ್ಕು ನಮೂದುಗಳನ್ನೂ ಅದೇ ನೋಡ್‌ಗೆ ಹಾಕಿದೆ. ಆ ವಾರ ತಪ್ಪುಗಳಾಗಲಿಲ್ಲ, ಹಾಗಾಗಿ ಹೊಸ ಚೈನ್ ಬೇಕಾಗಲಿಲ್ಲ, ನೋಡ್ ರಾತ್ರಿಯೂ ನಡೆಯುತ್ತಲೇ ಇತ್ತು. ಒಂದೊಂದಕ್ಕೂ ಪರದೆಯ ಮೇಲೆ ಬ್ಲಾಕ್ ಸಂಖ್ಯೆ, ಅಂದರೆ ಚೈನಿನಲ್ಲಿ ಅದರ ಕ್ರಮಸಂಖ್ಯೆ, ಮೂಡುತ್ತಿತ್ತು. ಸಂಖ್ಯೆ ಮೂಡಿತೆಂದರೆ ದಾಖಲಾಯಿತು ಎಂದು ನಾನೇ ಕೈಪಿಡಿಯಲ್ಲಿ ಬರೆದಿದ್ದೆ. ಪ್ರತಿ ಸಂಖ್ಯೆ ಮೂಡಿದಾಗಲೂ ನನ್ನ ಹಾಳೆಯ ಮೇಲೆ ಕೆಂಪು ಗೆರೆ ಎಳೆದು, ನಾಲ್ಕು ತುಂಡು ಮಾಡಿ, ಬುಟ್ಟಿಗೆ ಹಾಕಿದೆ. ಯೋಚಿಸಿ ಮಾಡಿದ್ದಲ್ಲ. ಕೈಗೆ ಗೊತ್ತಿದ್ದ ಕೆಲಸ.

ಅಭ್ಯಾಸ ಮುಗಿಯಿತು, ಈಗ ಬರೆಯುತ್ತಿರುವುದು ನಿಜವಾದದ್ದು ಎಂಬ ಒಂದು ಮಾತನ್ನು ನಾನು ಆ ಹುಡುಗಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ನನ್ನ ಪಾಲಿಗೆ ಶನಿವಾರದ ಮಾತುಗಳು ಎಷ್ಟು ನಿಜವಾಗಿದ್ದವೆಂದರೆ, ಅವು ಹೋಗಿ ಕೂತ ಜಾಗವೂ ನಿಜವಾದದ್ದೇ ಎಂಬ ಭಾವನೆ ಬಂದುಬಿಟ್ಟಿತ್ತು. ನೋಡ್ ನಿಲ್ಲಿಸಿದರೆ ಎಲ್ಲ ಹೋಗುತ್ತದೆಂದು ನನಗೆ ಗೊತ್ತಿತ್ತು. ಆದರೆ ಅದನ್ನು ಯಾರು ನಿಲ್ಲಿಸುತ್ತಾರೆ?

ಆ ವಾರ ಮುಲುಂಡಿನಿಂದ ಫೋನ್ ಬಂತು. "ಸರ್, ಅಕ್ಕೋರು ನನ್ನ ತಾರೀಖ ಹೇಳ್ಯಾರಂತ? ಕಾಗದ ಯಾವಾಗ ಸಿಗ್ತೈತ್ರಿ?"

"ದಾಖಲಾಗಿದೆ. ಎಲ್ಲರದ್ದೂ ಮುಗಿಸಿ ಒಟ್ಟಿಗೆ ಕೊಡುತ್ತೇವೆ. ಇದು ಕಾಗದಕ್ಕಿಂತ ಗಟ್ಟಿ, ಚಿಂತೆ ಮಾಡಬೇಡಿ."

"ಗಟ್ಟಿ ಇದ್ರ ಛೊಲೊ ಆತ್ರಿ. ಆದ್ರ ನಮ್ಮ ಮ್ಯಾಡಮ್‌ಗೆ ಕಾಗದಾನ ಬೇಕ್ರಿ. ಆಕಿ ಕೈಯಾಗ ಹಿಡದು ನೋಡಾಕಿ."

ನಕ್ಕು, ಇನ್ನೆರಡು ವಾರ ಎಂದೆ. ಅವತ್ತೇ ಬಿಳಿ ಹಾಳೆಯೊಂದರಲ್ಲಿ ನಾಲ್ಕು ಸಾಲು ಟೈಪ್ ಮಾಡಿ ಅಕ್ಕೋರ ಸಹಿ ಹಾಕಿಸಿದ್ದರೆ ಸಾಕಿತ್ತು. ಕಾಂದಿವಲಿಯಿಂದ ದಾದರ್, ಅಲ್ಲಿ ಸೆಂಟ್ರಲ್ ಲೋಕಲ್ ಹಿಡಿದರೆ ಸಯನ್. ಒಟ್ಟು ಒಂದೂವರೆ ಗಂಟೆಯ ದಾರಿ.

ಎರಡನೇ ಶನಿವಾರ ಇನ್ನೂ ಹನ್ನೆರಡು ಮಕ್ಕಳಾದರು. ಅವನ್ನೂ ಸೋಮವಾರ ಹಾಕಿ, ಹಾಳೆ ಹರಿದೆ. ಅದೇ ವಾರ ಕೈಪಿಡಿ ಪ್ರಕಟಣೆಗೆ ಸಿದ್ಧವಾಯಿತು. ಪತ್ರಿಕೆಯಲ್ಲಿ ಕರಡನ್ನು ಎರಡನೆಯವರು ಓದದೆ ಬಿಡುವ ಪದ್ಧತಿ ಇಲ್ಲ. ಹಾಗಾಗಿ ಗುರುವಾರ ಎಂಜಿನಿಯರ್ ಹುಡುಗಿಗೆ, ಮೊದಲ ಹೆಜ್ಜೆಯಿಂದ ಕೊನೆಯವರೆಗೆ ಬರೆದಂತೆಯೇ ಮಾಡಿ, ಎಲ್ಲಾದರೂ ತಪ್ಪಿದ್ದರೆ ಗುರುತು ಹಾಕಿ ಕೊಡು ಎಂದೆ. ಶುಕ್ರವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವಳು ಮುಗಿಸಿದ್ದಳು.

"ಸರ್, ಪರ್ಫೆಕ್ಟ್. ಒಂದೂ ಮಿಸ್ಟೇಕ್ ಇಲ್ಲ. ಸ್ಟೆಪ್ ಒನ್‌ನಿಂದ ಲಾಸ್ಟ್‌ವರೆಗೆ ಎಲ್ಲ ಚಾಲೂ."

ಪರದೆಯ ಮೇಲೆ ಬ್ಲಾಕ್ ಸಂಖ್ಯೆ ಒಂಬತ್ತು ಎಂದಿತ್ತು. ಹಿಂದಿನ ದಿನ ಅದು ಇಪ್ಪತ್ತಾರನ್ನು ದಾಟಿತ್ತು. ನಾನು ಕುರ್ಚಿ ಎಳೆದು ಕುಳಿತೆ.

"ಶಾಲೆಯ ಮಕ್ಕಳು ಅದರಲ್ಲಿದ್ದರು," ಎಂದೆ.

"ಯಾವ ಮಕ್ಕಳು? ಅದು ನಿಮ್ಮ ಪ್ರ್ಯಾಕ್ಟೀಸ್ ಅಲ್ವಾ?" ಅವಳು ನನ್ನ ಮುಖ ನೋಡಿದಳು. ಆಮೇಲೆ ಹಿಂದಿಯಲ್ಲಿ, ಬಹಳ ಮೆಲ್ಲಗೆ, "ಸರ್, ಆಪ್ನೇ ಬೋಲಾ ಕ್ಯೋಂ ನಹೀ?" ಎಂದು, ನಾನು ಹೇಳದಿದ್ದುದೇಕೆಂದು ಕೇಳಿದಳು.

ಕಸದ ಬುಟ್ಟಿ ದಿನವೂ ಸಂಜೆ ಖಾಲಿಯಾಗುತ್ತಿತ್ತು. ಆದರೂ ಬಗ್ಗಿ ನೋಡಿದೆ.

ಶನಿವಾರ ಅಕ್ಕೋರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ಒರೆಸಿಕೊಂಡರು. "ಅಳಸಾಕ ಆಗಂಗಿಲ್ಲ ಅಂದಿದ್ರಿ," ಎಂದು ಒಂದೇ ಸಲ ಅಂದರು. ಆಮೇಲೆ ಮೊದಲಿನಿಂದ ಮತ್ತೆ ಹೇಳತೊಡಗಿದರು. ಹೆಚ್ಚಿನ ಮಕ್ಕಳು ಹಿಂದಿನಂತೆಯೇ ಬಂದರು. ಮುಲುಂಡಿನ ಹೆಂಗಸಿನ ಹೆಸರು ಬಂದಾಗ ನಿಂತರು.

"ನಾಗರ ಪಂಚಮಿ ಆಗಿ ಐದನೇ ದಿನಾ. ಅದು ಖರೇ. ಅವರ ಅವ್ವ ನನ್ನ ಮುಂದ ಕೂತು ಕೈ ಬಟ್ಟ ಎಣಿಸಿದ್ದು ಕಣ್ಣಿಗೆ ಕಟ್ಟಿದ್ಹಾಂಗ ಅದ. ಆದ್ರ ಅದು ಯಾವ ಮಗಳಿಗೆ ಹೇಳಿದ್ದು?" ಬೆರಳು ಮಡಚಿ ವರ್ಷ ಎಣಿಸಿದರು. "ದೊಡ್ಡಾಕಿದೋ ಸಣ್ಣಾಕಿದೋ. ಅವತ್ತ ನನಗ ಹೊಳದಿತ್ತು. ಇವತ್ತ ಹೊಳೀವಲ್ದು."

ಅಕ್ಕನದಾದರೆ ಆ ವರ್ಷ ಆಧಾರಿನ ವರ್ಷಕ್ಕೇ ಹತ್ತಿರ, ತಂಗಿಯ ವಯಸ್ಸಿಗೆ ಯಾವ ಸಾಕ್ಷಿಯೂ ಉಳಿಯುವುದಿಲ್ಲ. ತಂಗಿಯದಾದರೆ ಐದು ವರ್ಷ ಈಚೆ.

"ನೀವು ಅವತ್ತು ತಂಗಿಯದು ಎಂದಿರಿ ಅಕ್ಕೋರೇ. ಕಾರಣವನ್ನೂ ಹೇಳಿದಿರಿ."

"ಏನು ಕಾರಣ?"

ನೆನಪಾಗಲಿಲ್ಲ. ಶಾಲೆಯ ಮಾಡಿನ ಶೀಟು ಬದಲಿಸಿದ ವಿಷಯ ಏನೋ ಇತ್ತು. ಅಥವಾ ಅದು ಬೇರೆ ಹುಡುಗನ ಮಾತಿನಲ್ಲಿ ಬಂದದ್ದೋ. ಎರಡೂವರೆ ಗಂಟೆ ಬರೆದುಕೊಳ್ಳುವಾಗ ನೆನಪಿಟ್ಟುಕೊಳ್ಳುವ ಕೆಲಸವನ್ನು ನಾನು ಹಾಳೆಗೆ ಬಿಟ್ಟಿದ್ದೆ.

"ನೀವು ಅಂದದ್ದಕ್ಕ ನಾ ಹೂಂ ಅಂದ್ರ ಅದು ನನ್ನ ಮಾತಾಗಂಗಿಲ್ರಿ," ಎಂದರು. "ನಲವತ್ತು ವರ್ಷ ಒಂದು ತಾರೀಖ ಸುಳ್ಳ ಬರದಿಲ್ಲ. ಅವತ್ತ ಬರಕೊಂಡಿದ್ರಲ್ಲ, ಆ ಹಾಳಿ ತೋರಸ್ರಿ. ಓದಿ, ಹೌದು ನಾನ ಹೇಳಿದ್ದು ಅಂತ ಸಹಿ ಹಾಕ್ತೀನಿ."

ಅವರು ಕೇಳಿದ್ದು ತೀರ ಸರಿಯಾಗಿತ್ತು. ಪತ್ರಿಕೆಯಲ್ಲಿದ್ದಾಗ ಯಾರಾದರೂ ನನ್ನ ಬಳಿ ಆಧಾರವಿಲ್ಲದ ಹೇಳಿಕೆ ತಂದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಕೊನೆಯ ದಾರಿಯೊಂದನ್ನು ಎಂಜಿನಿಯರ್ ಹುಡುಗಿ ಕಂಡುಹಿಡಿದಳು. ದಾಖಲೆಗಳು ಹೋಗಿದ್ದರೂ ನೋಡ್ ನಡೆಯುವಾಗ ಬೀಳುವ ಲಾಗ್, ಅಂದರೆ ಅದರ ದಿನಚರಿಯಂಥ ಸಾಲುಗಳು, ಬೇರೆ ಕಡತದಲ್ಲಿ ಉಳಿದಿದ್ದವು. ಅದರಲ್ಲಿ ನಮೂದಿನ ಪಠ್ಯ ಇರಲಿಲ್ಲ. ಪಠ್ಯದಿಂದ ತೆಗೆದ ಗುರುತು ಮಾತ್ರ ಇತ್ತು, ಅಕ್ಷರ ಮತ್ತು ಅಂಕಿಗಳ ಉದ್ದನೆಯ ಸಾಲು. ಅದೇ ಪಠ್ಯವನ್ನು ಮತ್ತೆ ಕೊಟ್ಟರೆ ಅದೇ ಗುರುತು ಬರುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಗುರುತು ಪೂರ್ತಿ ಬೇರೆ.

"ಅಕ್ಕನ ವರ್ಷ, ತಂಗಿಯ ವರ್ಷ, ಎರಡೇ ಆಪ್ಷನ್ ಸರ್," ಎಂದಳು. "ಬಾಕಿ ನಿಮ್ಮದೇ ಸೆಂಟೆನ್ಸ್. ಅದು ಹೇಳಿ, ಬಸ್. ಮ್ಯಾಚ್ ಆದ್ರೆ ಪ್ರಿಂಟ್ ತೆಗೆದು ಅವರಿಗೆ ತೋರಿಸೋಣ."

ನನ್ನದೇ ವಾಕ್ಯ. ಪ್ರತಿ ನಮೂದಿನ ಕೊನೆಗೆ ಷರಾ ಎಂದು ಅಕ್ಕೋರ ಮಾತನ್ನು ನಾನು ಎರಡು ಸಾಲಿನಲ್ಲಿ ಅಚ್ಚುಕಟ್ಟಾಗಿ ಬರೆಯುತ್ತಿದ್ದೆ. ಅವರು ಹೇಳಿದ್ದನ್ನು ಹೇಳಿದಂತೆ ಬಿಟ್ಟಿದ್ದರೆ ಬಹುಶಃ ನೆನಪಿಗೆ ಬರುತ್ತಿತ್ತು. ನಾನು ತಿದ್ದಿದ್ದೆ. "ತಾಯಿಯ ಹೇಳಿಕೆಯಂತೆ" ಎಂದು ಶುರುವಾಗಿತ್ತೋ, "ತಾಯಿ ಹೇಳಿದ ಪ್ರಕಾರ" ಎಂದೋ. "ಐದನೇ ದಿನ" ಎಂದು ಅಕ್ಷರದಲ್ಲೋ, ಅಂಕಿಯಲ್ಲೋ. ಅವಳು ನನ್ನ ಉಳಿದ ಅಭ್ಯಾಸಗಳನ್ನು ಕೇಳಿ, ಸಾಧ್ಯವಿರುವ ಜೋಡಣೆಗಳನ್ನೆಲ್ಲ ತಾನಾಗಿ ಪರೀಕ್ಷಿಸುವ ಒಂದು ಪ್ರೋಗ್ರಾಮ್ ಬರೆದಳು. ನಾಲ್ಕು ದಿನ ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಿಟ್ಟುಕೊಂಡು ನಾನು ವಾಕ್ಯ ಹೇಳುವುದು, ಅವಳು ಹಾಕುವುದು. ಮೊದಲ ದಿನ ನನಗೆ ಹನ್ನೊಂದು ಬಗೆಯ ವಾಕ್ಯ ಹೊಳೆಯಿತು, ನಾಲ್ಕನೆಯ ದಿನ ಎಲ್ಲವೂ ನಾನೇ ಬರೆದದ್ದೆನ್ನಿಸತೊಡಗಿತು. ಯಾವುದೂ ಹೊಂದಲಿಲ್ಲ. ಕಾರಣವಿದ್ದ ಆ ಒಂದು ತುಂಡು, ತಂಗಿಯದೇ ಏಕೆ ಎಂಬುದು, ನನ್ನಲ್ಲಿ ಇರಲೇ ಇಲ್ಲ. ಅದಿಲ್ಲದೆ ಯಾವ ವಾಕ್ಯವೂ ಪೂರ್ತಿಯಾಗುತ್ತಿರಲಿಲ್ಲ.

ಐದನೆಯ ದಿನ ಅವಳು ಡಬ್ಬಿ ಬಿಚ್ಚಿದಳು, ಪ್ರೋಗ್ರಾಮ್ ತೆರೆಯಲಿಲ್ಲ. ನಾನೂ ತೆರೆಯಲು ಹೇಳಲಿಲ್ಲ.

ಅಕ್ಕೋರು ಉಳಿದ ಇಪ್ಪತ್ತೈದು ಮಕ್ಕಳ ಹಾಳೆಗಳಿಗೆ ಒಂದೊಂದನ್ನೂ ಓದಿ ಸಹಿ ಮಾಡಿದರು. ಆ ಹಾಳೆಗಳು ಈಗ ಕಾರ್ಯದರ್ಶಿಯ ಬಳಿ ಇವೆ, ಪ್ರತಿಗಳು ನನ್ನ ಬಳಿ. ಮುಲುಂಡಿನ ಹೆಂಗಸಿನ ಹಾಳೆಯಲ್ಲಿ ಹುಟ್ಟಿದ ವರ್ಷದ ಜಾಗ ಖಾಲಿ ಇದೆ. ಜನವರಿಯಲ್ಲಿ ಅವರ ಕೆಲಸ ಹೋಯಿತು.

ಫೆಬ್ರವರಿಯಲ್ಲಿ ಒಂದು ಭಾನುವಾರ ಅವರ ಮನೆಗೆ ಹೋದೆ. ಸ್ಟೇಷನ್ನಿನಿಂದ ರಿಕ್ಷಾ, ಆಮೇಲೆ ಲಿಫ್ಟ್ ಕೆಟ್ಟ ಕಟ್ಟಡದ ಐದು ಮಹಡಿ. ಅವರು ಅದೇ ಬಿಲ್ಡಿಂಗಿನ ಎರಡು ಮನೆಗಳಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಹಿಡಿದಿದ್ದರು. ರಜೆಯಿಲ್ಲ, ರಸೀದಿಯಿಲ್ಲ. ಚಹಾ ಕೊಟ್ಟರು. ನಡೆದದ್ದನ್ನೆಲ್ಲ ಕ್ರಮವಾಗಿ ಹೇಳಿದೆ. ಎಂಜಿನಿಯರ್ ಹುಡುಗಿಯದೂ ತಪ್ಪಿಲ್ಲ, ಅಕ್ಕೋರದೂ ಇಲ್ಲ, ಹಾಳೆ ಹರಿದವನು ನಾನು ಎಂದೆ. ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದರು.

"ಅಕ್ಕೋರು ಸಹಿ ಹಾಕಲಿಲ್ಲಂತ ನನಗೇನ ಸಿಟ್ಟಿಲ್ರಿ. ಅವರು ಸಾಲ್ಯಾಗೂ ಹಾಂಗ ಇದ್ರು. ನನಗ ಒಮ್ಮಿ ಅರ್ಧ ಮಾರ್ಕಿಗೆ ಫೇಲ್ ಮಾಡ್ಯಾರ." ನಕ್ಕರು. ಆಮೇಲೆ ಕೇಳಿದರು, "ಆ ಮಶೀನಿನ್ಯಾಗ ನನ್ನ ಖರೇ ತಾರೀಖ ಎಷ್ಟ ದಿನಾ ಇತ್ರಿ?"

ಲೆಕ್ಕ ಹಾಕಿದೆ. ಸೋಮವಾರದಿಂದ ಮುಂದಿನ ವಾರದ ಶುಕ್ರವಾರ. "ಹನ್ನೊಂದು ದಿನ."

"ಹಾಂಗಾದ್ರ ಹನ್ನೊಂದ ದಿನಾ ನಾ ಐದ ವರ್ಷ ಸಣ್ಣಾಕಿ ಇದ್ದೆ," ಎಂದರು. "ನನಗ ಗೊತ್ತ ಆಗಲಿಲ್ಲ ನೋಡ್ರಿ. ಆಗಿದ್ರ ಒಂದ್ ಹಸಿರ ಸೀರಿ ಉಡ್ತಿದ್ದೆ."

ನನಗೆ ನಗಲು ಆಗಲಿಲ್ಲ. ಅವರು ಅದನ್ನು ಗಮನಿಸಿ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು.

ಕೈಪಿಡಿಯ ಮುಂದಿನ ಆವೃತ್ತಿಯಲ್ಲಿ ಆ ಹುಡುಗಿಯ ಎಚ್ಚರಿಕೆಯನ್ನು ಮೂರು ಕಡೆಯೂ ಮತ್ತೆ ಸೇರಿಸಿದೆ, ಅವಳು ಬರೆದಿದ್ದ ಮಾತಿನಲ್ಲೇ. ಓದಿದವರೊಬ್ಬರು, ಒಂದೇ ಮಾತು ಮೂರು ಸಲ ಬಂದಿದೆ, ಎರಡನ್ನು ತೆಗೆಯಬಹುದು ಎಂದು ಬರೆದು ಕಳಿಸಿದ್ದಾರೆ. ಅವರ ಪತ್ರವನ್ನು ಇಟ್ಟುಕೊಂಡಿದ್ದೇನೆ.